ಬೆಳ್ಳಿ ಮೂಡುವ ಹೊತ್ತಿನ ಸರದಿ

ನಮ್ಮ ಬಾವಿಯ ಬೆಳಗಿನ ಸರದಿಯನ್ನು ಚೌಕಾಸಿ ಮಾಡಿ ಮನೆಗೆ ತಂದವನು ನಾನು. ಆಗ ನನಗೆ ಹತ್ತೊಂಬತ್ತು. ಆ ಸರದಿಗೆ ಏತ ತುಳಿಯಲು ಹೋದವನು ನನ್ನ ತಮ್ಮ. ಅವನಿಗೆ ಹದಿನೈದು. ಇವೆರಡನ್ನೂ ಮೊದಲೇ ಹೇಳಿಬಿಡುವುದು ವಾಸಿ. ಯಾಕೆಂದರೆ ಈಗ ನಮ್ಮ ಮನೆಗೆ ಬರುವ ಅಪ್ಪ ಅಮ್ಮಂದಿರು ಮಕ್ಕಳ ಮೇಲೆ ದೂರು ಹೇಳುವಾಗ ನಾನು ಸುಮ್ಮನೆ ಕೇಳಿಸಿಕೊಂಡು ಕೂರುವುದಿಲ್ಲ, ನಡುವೆ ಬಾಯಿ ಹಾಕುತ್ತೇನೆ. "ರಾತ್ರಿ ಹನ್ನೆರಡಾದ್ರೂ ಮಲಗಲ್ಲ, ಬೆಳಿಗ್ಗೆ ಎಂಟಾದ್ರೂ ಏಳಲ್ಲ, ನೀವೇ ಒಂದು ಮಾತು ಬುದ್ಧಿ ಹೇಳಿ" ಅನ್ನುತ್ತಾರೆ. ಕೈಯಾರೆ ದುಡಿದು ಮೇಲೆ ಬಂದವನು, ಕೋಳಿಗಿಂತ ಮುಂಚೆ ಏಳುವವನು, ಇವನು ಹುಡುಗನಿಗೆ ಸರಿಯಾಗಿ ಬೈಯುತ್ತಾನೆ ಎಂದು ಅವರ ನಂಬಿಕೆ. ಹುಡುಗನಿಗೆ ನಾನು ಏನೂ ಹೇಳುವುದಿಲ್ಲ. ಹೇಳುವುದೆಲ್ಲ ಅವರಿಗೇ.

ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಅಟ್ಟೂರಿನಿಂದ ಆಚೆಗೆ ನಮ್ಮದೊಂದು ಸಣ್ಣ ಹಳ್ಳಿ. ಅಪ್ಪನಿಗೆ ಉಬ್ಬಸ, ನಾಲ್ಕು ಹೆಜ್ಜೆ ನಡೆದರೆ ಜಗುಲಿಯ ಕಂಬ ಹಿಡಿದು ನಿಲ್ಲುತ್ತಿದ್ದರು. ಹಾಗಾಗಿ ಹದಿನೇಳಕ್ಕೇ ಮನೆಯ ಯಜಮಾನಿಕೆ ನನ್ನ ತಲೆಗೆ ಬಂದಿತ್ತು. ಹುರುಳಿಕಾಯಿ, ನವಿಲುಕೋಸು, ಮೂಲಂಗಿ ಬೆಳೆದು ವಾರಕ್ಕೆರಡು ದಿನ ಗಾಡಿ ಕಟ್ಟಿಕೊಂಡು ಹೆಬ್ಬಾಳದ ಮೇಲೆ ಪೇಟೆಗೆ ಹೋಗುತ್ತಿದ್ದೆ. ನನ್ನ ಓದು ಏಳನೇ ಕ್ಲಾಸಿಗೆ ನಿಂತಿತ್ತು. ಮಿಕ್ಕದ್ದನ್ನು ಪೇಟೆಯ ದಲ್ಲಾಳಿಗಳ ಮುಖ ನೋಡಿಯೇ ಕಲಿತೆ. ತಮ್ಮನನ್ನು ಮಾತ್ರ ಓದಿಸಬೇಕೆಂದು ಹಟ. ಅವನು ಯಲಹಂಕದ ಹೈಸ್ಕೂಲಿಗೆ ಹೋಗುತ್ತಿದ್ದ. ಕೆರೆ ಏರಿಯ ಮೇಲೆ ಮುಕ್ಕಾಲು ಗಂಟೆಯ ನಡಿಗೆ.

ನಮ್ಮ ಹೊಲದ ತನಕ ಇನ್ನೂ ಕರೆಂಟು ಬಂದಿರಲಿಲ್ಲ. ನೀರು ಎಂದರೆ ಬಾವಿ, ಬಾವಿ ಎಂದರೆ ಏತ. ಈಗಿನವರು ಏತ ನೋಡಿರುವುದಿಲ್ಲ. ಎರಡು ಕಲ್ಲುಕಂಬಗಳ ನಡುವೆ, ಆಳೆತ್ತರಕ್ಕಿಂತ ಮೇಲೆ, ತಕ್ಕಡಿಯ ದಂಡದ ಹಾಗೆ ತೂಗುವ ಒಂದು ಉದ್ದನೆಯ ತೊಲೆ. ಅದರ ಒಂದು ತುದಿ ಬಾವಿಯ ಮೇಲೆ ಚಾಚಿರುತ್ತದೆ. ಆ ತುದಿಯಿಂದ ಬಿದಿರಿನ ಗಳು ಇಳಿಬಿದ್ದು, ಗಳುವಿನ ಕೊನೆಗೆ ನೀರೆತ್ತುವ ಬಾನಿ. ಇನ್ನೊಂದು ತುದಿಗೆ ಭಾರಕ್ಕೆಂದು ಕಟ್ಟಿದ ಕಲ್ಲು. ಒಬ್ಬ ತೊಲೆಯ ಮೇಲೆ ಬರಿಗಾಲಲ್ಲಿ ನಡೆಯುತ್ತಾನೆ. ಬಾವಿಯ ಕಡೆ ನಡೆದರೆ ಬಾನಿ ನೀರಿಗೆ ಇಳಿಯುತ್ತದೆ, ಹಿಂದಕ್ಕೆ ನಡೆದರೆ ತುಂಬಿಕೊಂಡು ಮೇಲೇಳುತ್ತದೆ. ಇನ್ನೊಬ್ಬ ಬಾವಿಯ ಬಾಯಲ್ಲಿ ಚಪ್ಪಡಿಯ ಮೇಲೆ ನಿಂತು, ಗಳು ಹಿಡಿದು, ಬಾನಿಯನ್ನು ಕಾಲುವೆಗೆ ಮಗುಚುತ್ತಾನೆ. ಮಗುಚುವವನಿಗೆ ರಟ್ಟೆಯಲ್ಲಿ ಬಲ ಬೇಕು, ತುಳಿಯುವವನಿಗೆ ಹಗುರ ಕಾಲಿದ್ದರೆ ಸಾಕು ಎಂಬುದು ನಮ್ಮ ಕಡೆಯ ಲೆಕ್ಕ. ಹಾಗಾಗಿ ಮೀಸೆ ಚಿಗುರುವ ವಯಸ್ಸಿನವರನ್ನೇ ತೊಲೆಗೆ ಹತ್ತಿಸುತ್ತಿದ್ದರು. ಅವರು ಬಾನಿಗಳನ್ನು ಗಟ್ಟಿಯಾಗಿ, ರಾಗ ಎಳೆದು ಎಣಿಸಬೇಕು. ತುಳಿಯುವವನಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಕೆಲವು ಊರುಗಳಲ್ಲಿ ಪಕ್ಕಕ್ಕೆ ಒಂದು ಬಿದಿರು ಕಟ್ಟುತ್ತಿದ್ದರಂತೆ. ನಮ್ಮಲ್ಲಿ ಹಾಗೆ ಕಟ್ಟಿಸಿದರೆ ಹೆಂಗಸರ ಏತ ಎಂದು ನಗುತ್ತಿದ್ದರು.

ಬಾವಿ ಎರಡು ಮನೆಗೆ ಸೇರಿದ್ದು. ಒಂದು ಪಾಲು ನಮ್ಮದು, ಇನ್ನೊಂದು ಪಕ್ಕದ ಹೊಲದ ಯಜಮಾನರದು. ನೆಂಟಸ್ತಿಕೆ ಏನೂ ಇಲ್ಲದಿದ್ದರೂ ನಾನು ಅವರನ್ನು ಮಾವ ಎನ್ನುತ್ತಿದ್ದೆ, ಅವರು ನನ್ನನ್ನು ಅಳಿಮಯ್ಯ ಎನ್ನುತ್ತಿದ್ದರು. ತಲೆಮಾರಿನಿಂದ ಬೆಳ್ಳಿ ಮೂಡುವ ಹೊತ್ತಿನ ಸರದಿ ಅವರದು, ಊಟದ ಮೇಲಿನ ಸರದಿ ನಮ್ಮದು. ಬಾವಿ ಇರುವ ಜಮೀನು ಕೊಳ್ಳುವವರಿಗೆ ಇಲ್ಲೊಂದು ಮಾತು ಹೇಳಿರುತ್ತೇನೆ: ಬಾವಿಯನ್ನು ಬೆಳಿಗ್ಗೆ ನೋಡಬೇಡಿ, ಮಧ್ಯಾಹ್ನ ಮೂರರ ಮೇಲೆ ಹೋಗಿ ನೋಡಿ. ರಾತ್ರಿಯಿಡೀ ಸೆಲೆ ಊರಿ ಬೆಳಗಿನ ಹೊತ್ತು ಎಂಥ ಬಾವಿಯೂ ತುಂಬಿಯೇ ಕಾಣುತ್ತದೆ. ನಮ್ಮ ಸರದಿ ಬರುವಷ್ಟರಲ್ಲಿ ಬಾನಿಗೆ ಅರ್ಧ ನೀರು, ಅರ್ಧ ಕೆಸರು. ಅವರ ಪಾತಿ ಹಸಿರು, ನಮ್ಮ ಪಾತಿ ಹಳದಿ.

ಆ ವರ್ಷ, ಅಲ್ಲಿಯ ತನಕ ಅವರ ಸರದಿಗೆ ಏತ ತುಳಿಯುತ್ತಿದ್ದ ಮಾವನ ದೊಡ್ಡ ಮಗನಿಗೆ ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಬೆಳಗಾಗುವ ಮೊದಲೇ ಸೈಕಲ್ ಹತ್ತಿ ಹೋಗಿಬಿಡುತ್ತಿದ್ದ. ಚಿಕ್ಕವನಿಗೆ ನನ್ನ ತಮ್ಮನಿಗಿಂತ ಒಂದು ವರ್ಷ ಹೆಚ್ಚು. ಅವನನ್ನು ತಾಯಿ ಏಳಿಸಲು ಬಿಡುತ್ತಿರಲಿಲ್ಲ. ಕಡೆಗೆ ಐವತ್ತು ದಾಟಿದ ಮಾವನೇ ತೊಲೆ ಹತ್ತಿ ಸೊಂಟ ಹಿಡಿದುಕೊಂಡು ಇಳಿಯುವಂತಾಯಿತು. ನಾನು ಒಂದು ವಾರ ಸುಮ್ಮನೆ ನೋಡಿದೆ. ಎಂಟನೇ ದಿನ ಎಲೆಯಡಿಕೆ ಹಿಡಿದುಕೊಂಡು ಅವರ ಜಗುಲಿಗೆ ಹೋದೆ.

"ನಿಮ್ಮ ಸೊಂಟಕ್ಕೆ ಈ ಚಳಿ ಒಳ್ಳೇದಲ್ಲ ಮಾವ. ಬೆಳಗಿನ ಹೊತ್ತು ನಾವು ನೋಡ್ಕೋತೀವಿ. ನೀವು ಉಂಡು, ಬಿಸಿಲು ಕಾಯಿಸ್ಕೊಂಡು, ನಿಧಾನಕ್ಕೆ ಬನ್ನಿ."

"ಅಂಗಂತೀಯಾ?"

"ಅಂಗೇ. ಅದರ ಜೊತೆಗೆ ಎರಡು ಗಾಡಿ ಕೊಟ್ಟಿಗೆ ಗೊಬ್ಬರ."

"ಏನ್ಲಾ, ಉಪಕಾರ ಮಾಡೋನು ನೀನು, ಗೊಬ್ಬರ ಕೊಡೋನು ನಾನಾ?"

"ಚಳೀಲಿ ಏಳೋನು ನಾನಲ್ವಾ ಮಾವ?"

'ಏಳೋನು ನಾನು' ಎಂದೆ. ತೊಲೆಯ ಮೇಲೆ ನಡೆಯುವವನು ಬೇರೆ ಎಂಬುದು ಅವರಿಗೂ ಗೊತ್ತಿತ್ತು. ಅವರು ನಕ್ಕು ಎಲೆಗೆ ಸುಣ್ಣ ಹಚ್ಚಿದರು. ಎದುರಿನವನಿಗೆ ಭಾರವಾದದ್ದು ಯಾವುದೆಂದು ಹುಡುಕಿ ಅದನ್ನೇ ಕೇಳಬೇಕು, ಆಗ ಅವನು ಮೇಲೆ ಏನಾದರೂ ಹಾಕಿ ಕೊಡುತ್ತಾನೆ. ವ್ಯಾಪಾರಕ್ಕೆ ಬರುವ ಹುಡುಗರಿಗೆ ನಾನು ಇವತ್ತಿಗೂ ಹೇಳಿಕೊಡುವುದು ಇದನ್ನೇ. ಆ ಸಂಜೆ ಮನೆಗೆ ಬಂದು ಅಪ್ಪನಿಗೆ ಹೇಳಿದಾಗ ಅವರು ಕೆಮ್ಮು ನಿಲ್ಲಿಸಿ ನನ್ನ ಬೆನ್ನು ತಟ್ಟಿದ್ದರು.

ತಮ್ಮ ಆ ವರ್ಷ ಹುರುಳಿಬಳ್ಳಿಯ ಹಾಗೆ ಉದ್ದ ಬೆಳೆಯುತ್ತಿದ್ದ. ಗಂಟಲು ಒಡೆದು, ಮಾತಾಡಿದರೆ ಒಂದು ಸಲ ಗಂಡಸು, ಒಂದು ಸಲ ಕೂಸು. ಚಿಕ್ಕಂದಿನಲ್ಲಿ ದೀಪ ಹಚ್ಚುವ ಹೊತ್ತಿಗೇ ಮುದ್ದೆಯ ತಟ್ಟೆಯ ಮುಂದೆ ತೂಕಡಿಸುತ್ತಿದ್ದವನು ಈಗ ನಡುರಾತ್ರಿಯ ತನಕ ನನ್ನ ಪಕ್ಕದ ಚಾಪೆಯ ಮೇಲೆ ಹೊರಳುತ್ತಿದ್ದ. ಕತ್ತಲಲ್ಲಿ ಅವನ ಕಣ್ಣು ತೆರೆದಿರುವುದು ಕಾಣದಿದ್ದರೂ ಗೊತ್ತಾಗುತ್ತಿತ್ತು.

"ಅಣ್ಣಾ, ನಿದ್ದೆ ಬರ್ತಿಲ್ಲ."

"ಕಣ್ಣು ಮುಚ್ಕೊಂಡ್ರೆ ಬತ್ತದೆ."

"ಮುಚ್ಕೊಂಡ್ರೆ ಒಳಗೆ ಯಾರೋ ದೀಪ ಹಚ್ಚಿಟ್ಟಂಗೆ ಆಯ್ತದೆ ಕಣಣ್ಣ."

"ಬೆಳಿಗ್ಗೆ ಒಂದು ನೂರು ಬಾನಿ ಜಾಸ್ತಿ ತುಳಿ. ತಾನಾಗೇ ಬತ್ತದೆ."

ನಾಲ್ಕು ಗಂಟೆಗೆ ನಾನು ಅವನನ್ನು ಎಬ್ಬಿಸುತ್ತಿದ್ದೆ. ಎಬ್ಬಿಸುವುದು ಎಂದರೆ ಸುಳ್ಳು, ಎಳೆದು ನಿಲ್ಲಿಸುತ್ತಿದ್ದೆ. ಮುಖಕ್ಕೆ ತಣ್ಣೀರು ಎರಚಿದೆ. ಕಾಲುಬೆರಳಿಗೆ ದಾರ ಕಟ್ಟಿ ಜಗ್ಗಿದೆ. ಒಲೆಯ ಕೆಂಡಕ್ಕೆ ಒಣಮೆಣಸಿನಕಾಯಿ ಹಾಕಿದೆ, ಮನೆಮಂದಿಯೆಲ್ಲ ಕೆಮ್ಮಿ ಹೊರಗೆ ಬಂದರೂ ಅವನು ಕೆಮ್ಮುತ್ತಲೇ ಮಲಗಿದ್ದ. ಅದು ಮುಗಿದ ಮೇಲೆ ನನಗೆ ಬರುವ ವಿದ್ಯೆಗೆ ಇಳಿದೆ. ಸ್ಕೂಲಿಗೆ ಕ್ಯಾನ್ವಾಸ್ ಬೂಟು ಕೊಡಿಸುತ್ತೇನೆಂದೆ. ಪೇಟೆಗೆ ಗಾಡಿಯಲ್ಲಿ ಕರೆದುಕೊಂಡು ಹೋಗಿ ದೋಸೆ ತಿನ್ನಿಸುತ್ತೇನೆಂದೆ. ಅವನು ಕೇಳುತ್ತಿದ್ದದ್ದು ಒಂದೇ. "ಇನ್ನೊಂದು ಗಂಟೆ ಅಣ್ಣಾ. ಬೂಟು ಬ್ಯಾಡ." ಆ ಒಂದು ಗಂಟೆ ಬಿಟ್ಟರೆ ನೀರು ಬಿಟ್ಟಂತೆ. ಸೂರ್ಯ ಹುಣಸೇಮರದ ಮೇಲೆ ಬಂದರೆ ನಮ್ಮ ಸರದಿ ಮುಗಿಯಿತು. ನಾನು ಒಪ್ಪಲಿಲ್ಲ.

ಇಷ್ಟಾದರೂ ಕೆಲಸ ಮಾತ್ರ ನಿಲ್ಲಲಿಲ್ಲ. ನಮ್ಮ ಪಾತಿಗಳು ಹಸಿರಾದವು. ಪೇಟೆಯಲ್ಲಿ ನನ್ನ ನವಿಲುಕೋಸು ನೋಡಿ ದಲ್ಲಾಳಿಗಳೇ ಹತ್ತಿರ ಬರುತ್ತಿದ್ದರು. ಹಾಗಾಗಿ ಮಿಕ್ಕಿದ್ದು ನನಗೆ ಕಾಣಲಿಲ್ಲ, ಅಥವಾ ಕಂಡರೂ ಕಂಡಂತೆ ಎಣಿಸಲಿಲ್ಲ. ಹುಡುಗ ಬೆಳಿಗ್ಗೆ ತಿಂದ ರೊಟ್ಟಿಯನ್ನು ಮರೆತು ಅವ್ವನ ಮೇಲೆ ರೇಗುತ್ತಿದ್ದ. ಹಸುವಿಗೆ ಒಂದು ದಿನ ಸುಮ್ಮಸುಮ್ಮನೆ ಬಡಿಗೆಯಿಂದ ಹೊಡೆದ, ಆಮೇಲೆ ಅದರ ಕತ್ತು ತಬ್ಬಿಕೊಂಡು ಅತ್ತ. ನೆಟ್ಟಗೆ ಬಾಯಿಪಾಠ ಒಪ್ಪಿಸುತ್ತಿದ್ದವನು ಮಗ್ಗಿಯಲ್ಲೇ ತಡವರಿಸಿದ. ಅವ್ವ ತಲೆಗೆ ಹರಳೆಣ್ಣೆ ಮೆತ್ತಿದಳು, ಗಸಗಸೆ ಅರೆದು ಹಾಲಿಗೆ ಹಾಕಿ ಕುಡಿಸಿದಳು. ಅಜ್ಜಿ ಮಾತ್ರ ಔಷಧಿಯ ಮಾತೇ ಎತ್ತಲಿಲ್ಲ.

"ಬಾವೀಲಿ ಏಳು ಜನ ಅಕ್ಕಯ್ಯಗಳವ್ರೆ" ಎಂದಳು. "ಮೀಸೆ ಮೂಡೋ ಹುಡುಗ್ರನ್ನ ಕಂಡ್ರೆ ಅವ್ರಿಗೆ ಆಸೆ. ರಾತ್ರಿಯೆಲ್ಲ ಮಲಗಾಕೆ ಬಿಡಲ್ಲ. ಬೆಳಿಗ್ಗೆ ಕರಕೊಂಡು ಓಯ್ತಾರೆ."

"ನಿನ್ನ ಅಕ್ಕಯ್ಯಗಳಿಗೆ ಬೇರೆ ಕೆಲಸ ಇಲ್ವಾ ಅಜ್ಜಿ? ಒಂದು ನಾಲ್ಕು ಬಾನಿ ನೀರು ಎತ್ತಿ ಕೊಡಾಕೆ ಹೇಳು."

"ನಗು, ನಗು. ನೀನು ಗಳು ಇಡಿಯೋನು. ನಿನ್ನ ಕಾಲು ನೆಲದ ಮೇಲವೆ."

ಆ ಮಾತಿಗೆ ಅವ್ವ ಒಲೆಯ ಮುಂದಿನಿಂದ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಎದ್ದು ಹೋದೆ. ಅಜ್ಜಿಯ ದೇವರುಗಳನ್ನು ನಾನು ಈಗಲೂ ನಂಬುವುದಿಲ್ಲ. ಆದರೆ ಹುಡುಗನಿಗೆ ಏನೋ ಆಗುತ್ತಿದೆ ಎಂಬುದು ಅವಳಿಗೆ ಕಂಡಿತ್ತು. ನಾನು ಅದನ್ನು ಸೋಮಾರಿತನ ಎನ್ನುತ್ತಿದ್ದೆ.

ಒಂದು ಸಂಜೆ ಅವನ ಮೇಷ್ಟ್ರು ಸೈಕಲ್ ತಳ್ಳಿಕೊಂಡು ಹೊಲದ ತನಕ ಬಂದರು. ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದ ವಯಸ್ಸಾದ ಮನುಷ್ಯ. ಹುಡುಗ ಮೊದಲ ಪಿರಿಯಡ್ಡಿನಲ್ಲಿ ಬೆಂಚಿನ ಮೇಲೆ ತಲೆಯಿಟ್ಟರೆ ಏಳುವುದೇ ಇಲ್ಲ, ಬೆಂಚಿನ ಮೇಲೆ ನಿಲ್ಲಿಸಿದರೆ ನಿಂತಲ್ಲೇ ನಿದ್ದೆ ಮಾಡುತ್ತಾನೆ ಎಂದರು.

"ನಿಂತ್ಕೊಂಡು ನಿದ್ದೆ ಮಾಡೋನನ್ನ ನಾನು ಮೂವತ್ತು ವರ್ಷದ ಸರ್ವೀಸಲ್ಲಿ ನೋಡಿಲ್ಲಪ್ಪ. ಎಷ್ಟೊತ್ತಿಗೆ ಏಳ್ತಾನೆ?"

"ನಾಲ್ಕಕ್ಕೆ ಸ್ವಾಮಿ. ನಾನೂ ಏಳಲ್ವೇ?"

"ನಿಂದು ಬಲಿತ ಮೈ. ಅವನದ್ದು ಈಗ ಕಟ್ತಾ ಇರೋ ಗೋಡೆ. ಹಸಿ ಗೋಡೆಗೆ ತೊಲೆ ಇಟ್ರೆ ಏನಾಗುತ್ತೆ? ಈ ವಯಸ್ಸಲ್ಲಿ ನಿದ್ದೆ ತಡವಾಗಿ ಬರುತ್ತೆ, ತಡವಾಗಿ ಬಿಡುತ್ತೆ. ನನ್ನ ಕ್ಲಾಸಿನ ಅರ್ಧ ಹುಡುಗರು ಹಂಗೇ. ಉಳಿದೋರು ಏತ ತುಳಿಯಲ್ಲ, ಅಷ್ಟೇ ವ್ಯತ್ಯಾಸ."

"ನೀರು ಬಿಟ್ರೆ ಫೀಸು ಎಲ್ಲಿಂದ ಕಟ್ಟಲಿ ಸ್ವಾಮಿ?" ಎಂದೆ. ಅದಕ್ಕೆ ಅವರ ಹತ್ತಿರ ಉತ್ತರ ಇರುವುದಿಲ್ಲ ಎಂದು ಗೊತ್ತಿದ್ದೇ ಕೇಳಿದ್ದೆ. ಒಂದು ಚೀಲ ಹುರುಳಿಕಾಯಿ ಕ್ಯಾರಿಯರ್‌ಗೆ ಕಟ್ಟಿ ಕಳಿಸಿಕೊಟ್ಟೆ. ಮೇಷ್ಟ್ರು ಏರಿಯ ತಿರುವಿನ ತನಕ ಸೈಕಲ್ ಹತ್ತದೆ ತಳ್ಳಿಕೊಂಡೇ ಹೋದದ್ದು ಕಾಣಿಸಿತು. ಎರಡು ಸಲ ನಿಂತು ತಿರುಗಿ ಏತದ ಕಡೆ ನೋಡಿದರು.

ಅದಾದ ನಾಲ್ಕೈದು ದಿನಕ್ಕೆ ನಾನು ಗಳು ಹಿಡಿದು ನಿಂತು ತಲೆಯೆತ್ತಿದೆ. ತಮ್ಮ ತೊಲೆಯ ಮೇಲೆ ಬಾವಿಯ ಕಡೆಗೆ ಬರುತ್ತಿದ್ದ. ಕಂಬಕ್ಕೆ ತೂಗುಹಾಕಿದ ಲಾಟೀನಿನ ಬೆಳಕು ಅವನ ಮುಖದ ಮೇಲೆ ಬಿತ್ತು. ಕಣ್ಣು ಮುಚ್ಚಿತ್ತು. ಹೆಜ್ಜೆ ಸರಿಯಾಗಿತ್ತು, ಎಣಿಕೆಯೂ ಸರಿಯಾಗಿತ್ತು. ತಿರುಗಬೇಕಾದ ಜಾಗಕ್ಕೆ ತೊಲೆಯಲ್ಲಿ ಕೆತ್ತಿದ್ದ ಗುರುತಿನ ಹತ್ತಿರ ಬಂದು, ಕಣ್ಣು ಮುಚ್ಚಿಕೊಂಡೇ ತಿರುಗಿ, ಹಿಂದಕ್ಕೆ ನಡೆದ. ಹಾಗೆ ಅವನು ಎಷ್ಟು ದಿನದಿಂದ ನಡೆಯುತ್ತಿದ್ದನೋ. ಅವನಿಗೆ ಕೂಗು ಹಾಕಬೇಕೆನಿಸಿತು. ಕೂಗಿದರೆ ಬೆಚ್ಚಿ ಬಿದ್ದಾನು ಎಂದು ಸುಮ್ಮನಾದೆ. ಸುಮ್ಮನಾದ ಮೇಲೆ ಬಾನಿಗಳು ಒಂದರ ಹಿಂದೊಂದು ಬಂದವು. ಸರದಿ ಮುಗಿದು ಅವನು ಇಳಿದ ಮೇಲೆ ಬೈದೆ. ಅವನು ಪೆಚ್ಚಾಗಿ ಕೇಳಿದ: "ನಾನು ಮಲಗಿದ್ನಾ? ಇಲ್ಲ ಕಣಣ್ಣ, ಎಣಿಸ್ತಾ ಇದ್ದೆ."

ಅಂದೇ ಸರದಿ ಬಿಡಬೇಕಿತ್ತು. ಹಾಗೆ ಮಾಡುವ ಬದಲು ಮನಸ್ಸಿನಲ್ಲೇ ಒಂದು ವ್ಯವಹಾರ ಮಾಡಿಕೊಂಡೆ: ನವಿಲುಕೋಸು ಕೀಳುವ ತನಕ, ಇನ್ನು ಮೂರು ವಾರ, ಆಮೇಲೆ ನೋಡೋಣ. ಕೊಡಬೇಕಾದದ್ದನ್ನು ಮುಂದಕ್ಕೆ ಹಾಕುವುದು ನನಗೆ ಅಭ್ಯಾಸವಾಗಿತ್ತು.

ಆ ಮೂರು ವಾರದೊಳಗೇ ಒಂದು ಬೆಳಗಿನ ಜಾವ, ಧನುರ್ಮಾಸದ ಮಂಜು ಯಲಹಂಕದ ಕೆರೆಯಿಂದ ಎದ್ದು ಹೊಲಗಳ ಮೇಲೆ ಕೂತಿತ್ತು. ಲಾಟೀನಿನ ಬೆಳಕು ಕಂಬದ ಸುತ್ತ ಒಂದು ಮಾರು ಕೂಡ ಹೋಗುತ್ತಿರಲಿಲ್ಲ. ತೊಲೆಯ ಮೇಲೆ ತಮ್ಮ ಹಿಂದಕ್ಕೆ ನಡೆದರೆ ಕಾಣದಾಗುತ್ತಿದ್ದ. ಮುಂದಕ್ಕೆ ಬಂದರೆ ಮೊದಲು ಕಾಲು, ಆಮೇಲೆ ಮೈ. ಅವನು ಇದ್ದಾನೆ ಎಂಬುದಕ್ಕೆ ನನಗಿದ್ದ ಗುರುತು ಅವನ ಎಣಿಕೆ ಒಂದೇ. ಕೊನೆಯ ಎರಡು ಪಾತಿ ಉಳಿದಿದ್ದವು.

"ಇಪ್ಪತ್ತಾರೋ" ಎಂದ. ಬಾನಿ ಮಗುಚಿದೆ.

"ಇಪ್ಪತ್ತಾರೋ" ಎಂದ. ಮತ್ತೆ ಮಗುಚಿದೆ.

ಮೂರನೇ ಸಲವೂ ಇಪ್ಪತ್ತಾರೇ ಬಂತು. ಇಳಿ ಎನ್ನಲು ಬಾಯಿ ತೆರೆದೆ. ಆ ಹೊತ್ತಿಗೆ ನನ್ನ ತಲೆಯಲ್ಲಿ ಓಡಿದ್ದನ್ನು ಮುಚ್ಚಿಡುವುದಿಲ್ಲ: ಇನ್ನು ಇಪ್ಪತ್ತು ಬಾನಿಯಾದರೆ ಒಂದು ಪಾತಿ ಮುಗಿಯುತ್ತದೆ. ಬಾಯಿ ಮುಚ್ಚಿಕೊಂಡೆ. ಅವನ ಕಾಲು ಮಂಜಿನಿಂದ ಹೊರಗೆ ಬಂತು. ತಿರುಗಬೇಕಾದ ಗುರುತಿನ ಮೇಲೆ ಬಂತು. ಅದನ್ನು ದಾಟಿ ಇನ್ನೊಂದು ಹೆಜ್ಜೆ ಇಟ್ಟಿತು.

ಅವನು ಕಿರುಚಲಿಲ್ಲ. ಎಚ್ಚರ ಇದ್ದವರು ಬಿದ್ದರೆ ಕಿರುಚುತ್ತಾರೆ. ಭುಜ ಚಪ್ಪಡಿಗೆ ಬಡಿದ ಸದ್ದು, ಆಮೇಲೆ ನೀರಿನ ಸದ್ದು. ಹಗುರಾದ ತೊಲೆ ಮೇಲಕ್ಕೆ ಎಗರಿ ಗಳು ನನ್ನ ಅಂಗೈ ಸುಲಿದುಕೊಂಡು ಹೋಯಿತು. ನಾನು ಬಾವಿಗೆ ಹಾರಿದೆ. ಮೇಲಿನ ಕತ್ತಲಿಗಿಂತ ಕೆಳಗಿನ ಕತ್ತಲು ಬೆಚ್ಚಗಿತ್ತು. ಕೈಗೆ ಮೊದಲು ಬಾವಿಯ ಕಲ್ಲು ಸಿಕ್ಕಿತು, ಮತ್ತೆ ಕಲ್ಲು ಸಿಕ್ಕಿತು. ಮೂರನೇ ಸಲ ಮುಳುಗಿದಾಗ ಕೂದಲು ಸಿಕ್ಕಿತು. ಮೆಟ್ಟಿಲಿಗೆ ಎಳೆದು ಹಾಕಿ ಕೂಗಿದೆ. ಮಾವ ಹಗ್ಗ ಹಿಡಿದು ಓಡಿ ಬಂದರು. ತಮ್ಮನನ್ನು ಬೋರಲು ಮಲಗಿಸಿ ಬೆನ್ನು ಒತ್ತಿದ ಮೇಲೆ ನೀರು ಕಕ್ಕಿ ಉಸಿರೆಳೆದ. ಕಣ್ಣು ಬಿಟ್ಟು ನನ್ನನ್ನು ನೋಡಿ, "ಇಪ್ಪತ್ತೇಳು" ಎಂದ.

ಎಡಗಡೆಯ ಕೊರಳಮೂಳೆ ಮುರಿದಿತ್ತು. ಮೂಳೆ ಕಟ್ಟುವವನು ಬಂದು, ಮೊಟ್ಟೆಯ ಬಿಳಿ ಹಚ್ಚಿದ ಬಟ್ಟೆ ಸುತ್ತಿ, ಬಿದಿರಿನ ದಬ್ಬೆ ಕಟ್ಟಿ ಹೋದ. ಅದಾದ ಮೇಲೆ ತಮ್ಮ ಮಲಗಿದ. ಎರಡು ಹಗಲು, ಎರಡು ರಾತ್ರಿ. ಅವ್ವ ಗಳಿಗೆಗೊಮ್ಮೆ ಅವನ ಮೂಗಿನ ಕೆಳಗೆ ಬೆರಳು ಹಿಡಿಯುತ್ತಿದ್ದಳು. ನನ್ನ ಜೊತೆ ಮಾತು ಬಿಟ್ಟಿದ್ದಳು. ಬೈದಿದ್ದರೆ ನಾನು ಏನಾದರೂ ಎದುರು ಹೇಳಿ ಗೆಲ್ಲುತ್ತಿದ್ದೆನೇನೋ.

ಆಮೇಲೆ ನಡೆದದ್ದನ್ನು ನಾನು ಕಣ್ಣಾರೆ ಕಂಡೆ. ನಾನು ಓದಿದವನಲ್ಲ, ಆದರೆ ಬೆಳೆ ನೋಡಿ ಹೇಳಬಲ್ಲೆ. ದಬ್ಬೆ ಕಟ್ಟಿಸಿಕೊಂಡ ಹುಡುಗನನ್ನು ಯಾರೂ ಏಳಿಸುತ್ತಿರಲಿಲ್ಲ. ರಾತ್ರಿ ಈಗಲೂ ಹನ್ನೊಂದು, ಹನ್ನೆರಡರ ತನಕ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ತಾನಾಗಿಯೇ ಏಳುತ್ತಿದ್ದ. ಎರಡು ವಾರಕ್ಕೆ ಅವನ ಕಣ್ಣಿನ ಕೆಳಗಿನ ಕಪ್ಪು ಇಳಿಯಿತು. ಮೂರನೇ ವಾರ ಅಜ್ಜಿಯನ್ನು ಅಣಕಿಸಿ ನಗಿಸಿದ. ಸ್ನೇಹಿತರಿಂದ ಪುಸ್ತಕ ತರಿಸಿಕೊಂಡು ಬಿಟ್ಟುಹೋದ ಪಾಠವನ್ನೆಲ್ಲ ಹಾಸಿಗೆಯಲ್ಲೇ ಒಪ್ಪಿಸಿದ, ಒಂದು ಪದವೂ ತಪ್ಪಲಿಲ್ಲ. ತಿಂಗಳಾಗುವಷ್ಟರಲ್ಲಿ ಅವನ ಪೈಜಾಮ ಕಣಕಾಲಿನಿಂದ ಮೂರು ಬೆರಳು ಮೇಲೇರಿತ್ತು. ಗೊಬ್ಬರ ಹಾಕಿದ್ದಕ್ಕಲ್ಲ. ಬರೀ ಮಲಗಿದ್ದಕ್ಕೆ.

ಮೂಳೆ ಕಟ್ಟುವವನು ಮತ್ತೆ ಬಂದು ಭುಜ ಅಮುಕಿ ನೋಡಿದ. "ಚೆನ್ನಾಗಿ ಕೂಡ್ಕೊಂಡದೆ. ಶಿವರಾತ್ರಿ ಕಳೀಲಿ, ಏತಕ್ಕೆ ಅತ್ತಿಸಿ" ಎಂದ. ತಮ್ಮ ನನ್ನ ಮುಖ ನೋಡಲಿಲ್ಲ. ಗೋಡೆಯ ಕಡೆ ಹೊರಳಿ ಮಲಗಿದ. ಅಂದಿನಿಂದ ದಿನ ಎಣಿಸುವುದು ಶುರುವಾಯಿತು. ಅವನು ಹುಷಾರಾಗುತ್ತಾ ಹೋದಷ್ಟೂ ತೊಲೆ ಹತ್ತಿರ ಬರುತ್ತಿತ್ತು. ಅಷ್ಟು ದಿನ ಅವ್ವ ಗಳು ಹಿಡಿದು, ನಾನು ತುಳಿದು ಹೇಗೋ ನಡೆಸಿದ್ದೆವು. ಪೇಟೆಗೆ ಹೋದ ದಿನ ಪಾತಿ ಒಣಗುತ್ತಿದ್ದವು, ಅವ್ವನ ರಟ್ಟೆ ಬಾತುಕೊಂಡಿತ್ತು. ಬೆಳಗಿನ ಸರದಿ ನಮ್ಮಲ್ಲಿ ಇರುವ ತನಕ ಇಂದಲ್ಲ ನಾಳೆ ನಾನೇ ಅವನನ್ನು ಎಳೆದು ನಿಲ್ಲಿಸುತ್ತೇನೆ ಎಂದು ನನಗೆ ಗೊತ್ತಿತ್ತು. ನನ್ನನ್ನು ನಾನು ಅಷ್ಟು ಬಲ್ಲೆ.

ಶಿವರಾತ್ರಿಗೆ ಎಂಟು ದಿನ ಇದ್ದಾಗ ಮಾವನ ಜಗುಲಿಗೆ ಹೋದೆ. ಈ ಸಲ ಎಲೆಯಡಿಕೆ ತೆಗೆದುಕೊಂಡು ಹೋಗಿರಲಿಲ್ಲ.

"ಸರದಿ ವಾಪಸ್ ತಗೊಳ್ಳಿ ಮಾವ."

ಅವರು ನನ್ನ ಬರಿಗೈ ನೋಡಿದರು. "ಏನದೆ ಒಳಗೆ? ಸೆಲೆ ಬತ್ತೋಯ್ತಾ?"

"ಇಲ್ಲ. ನೀರು ಅಂಗೇ ಅದೆ."

"ಮತ್ಯಾಕೆ ಬಿಡ್ತೀಯ? ನೀನು ಸುಮ್ ಸುಮ್ನೆ ಏನೂ ಬಿಡೋ ಪೈಕಿ ಅಲ್ಲ ಅಳಿಮಯ್ಯ."

"ತಮ್ಮಂಗೆ ನಿದ್ದೆ ಸಾಲಲ್ಲ."

ಮಾವ ಒಳಗಿನಿಂದ ಹೆಂಡತಿಯನ್ನು ಕರೆದರು. "ಕೇಳ್ದೇನೇ? ನಿದ್ದೆ ಸಾಲಲ್ವಂತೆ, ಅದಕ್ಕೆ ತುಂಬಿದ ಬಾವಿ ಬಿಡ್ತಾನಂತೆ." ಇಬ್ಬರೂ ನಕ್ಕರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಕಣ್ಣು ಮುಚ್ಚಿಕೊಂಡು ನಡೆದದ್ದು, ಮೂರು ಇಪ್ಪತ್ತಾರು, ನಾನು ಬಾಯಿ ಮುಚ್ಚಿಕೊಂಡದ್ದು. ಅವರು ನಗು ನಿಲ್ಲಿಸಿದರು, ಆದರೆ ನಂಬಿದ್ದಕ್ಕಲ್ಲ. ಇಷ್ಟು ಚೆನ್ನಾಗಿ ಕಥೆ ಕಟ್ಟಿದ್ದಾನೆ ಎಂದರೆ ಒಳಗೆ ದೊಡ್ಡದೇ ಏನೋ ಇದೆ ಎಂದು ಲೆಕ್ಕ ಹಾಕುತ್ತಿದ್ದರು. ಎರಡು ವರ್ಷ ಅವರೆದುರು ನಾನು ಆಡಿದ ಮಾತಿನಲ್ಲಿ ಒಂದಾದರೂ ನೆಟ್ಟಗೆ ಇದ್ದಿದ್ದರೆ ತಾನೇ ಅವರು ಇದನ್ನು ನಂಬುವುದು? ವ್ಯಾಪಾರಕ್ಕೆ ಇಳಿಯುವವರು ಮನೆಗೊಂದು ನಿಜವಾದ ನಾಲಿಗೆ ಉಳಿಸಿಕೊಂಡಿರಬೇಕು. ನಾನು ಉಳಿಸಿಕೊಂಡಿರಲಿಲ್ಲ.

ಮಧ್ಯಾಹ್ನದವರೆಗೆ ಎಳೆದಾಡಿದರು. ಗೊಬ್ಬರ ವಾಪಸ್ ಕೇಳಿದರು, ಒಪ್ಪಿದೆ. ಬಾವಿಯ ಹೂಳು ತೆಗೆಸುವುದು ಈ ವರ್ಷ ನಮ್ಮದೇ ಎಂದರು, ಒಪ್ಪಿದೆ. ಒಪ್ಪಿದಷ್ಟೂ ಅವರಿಗೆ ಗುಮಾನಿ ಹೆಚ್ಚಾಯಿತು. ಕಡೆಗೆ ನಾನು ಒಂದೇ ಒಂದು ಷರತ್ತು ಹೇಳಿದೆ.

"ನಿಮ್ಮ ಚಿಕ್ಕೋನನ್ನ ತೊಲೆಗೆ ಅತ್ತಿಸಬೇಡಿ. ಅವಂಗೂ ಇದೇ ವಯಸ್ಸು. ಆಳು ಇಟ್ಕೊಳ್ಳಿ."

"ಓ, ಅಷ್ಟೇನಾ? ಆಯ್ತು ಬಿಡು" ಎಂದರು ಮಾವ. ಅಷ್ಟು ಸಲೀಸಾಗಿ ಒಪ್ಪಿದ ಮಾತಿಗೆ ಪೇಟೆಯಲ್ಲಷ್ಟೇ ಅಲ್ಲ, ಎಲ್ಲಿಯೂ ಬೆಲೆ ಇರುವುದಿಲ್ಲ. ಅದು ಗೊತ್ತಿದ್ದೂ ಎದ್ದು ಬಂದೆ, ಯಾಕೆಂದರೆ ನನಗೆ ಬೇಕಾದದ್ದು ಸಿಕ್ಕಿತ್ತು. ತಮ್ಮ ತೊಲೆಯಿಂದ ಇಳಿದಿದ್ದ. ಆ ರಾತ್ರಿ ವಿಷಯ ತಿಳಿದು ಅವ್ವ ನನ್ನ ತಟ್ಟೆಗೆ ಕೇಳದೆಯೇ ಇನ್ನೊಂದು ಮುದ್ದೆ ಹಾಕಿದಳು. ತಮ್ಮ ಹನ್ನೆರಡರ ತನಕ ಏನೇನೋ ಹರಟಿ ಮಲಗಿದ. ನನಗೆ ನಿದ್ದೆ ಬರಲಿಲ್ಲ.

ನಾಲ್ಕು ಗಂಟೆಗೆ ಏತದ ತೊಲೆ ಕಿರುಗುಟ್ಟುವುದು ಕೇಳಿಸಿತು. ಹೊಲದ ಕಡೆಯಿಂದ ಎಣಿಕೆ ಬಂತು. ಆಳಿನ ದನಿಯಲ್ಲ. ಒಂದು ಸಲ ಗಂಡಸು, ಒಂದು ಸಲ ಕೂಸು. ಪಕ್ಕದಲ್ಲಿ ತಮ್ಮ ಬಾಯಿ ತೆರೆದುಕೊಂಡು ಮಲಗಿದ್ದ. ನಾನು ಹಾಸಿಗೆಯಲ್ಲೇ ಕೂತು ಹನ್ನೊಂದು, ಹನ್ನೆರಡು, ಹದಿಮೂರು ಕೇಳಿಸಿಕೊಂಡೆ. ಹದಿಮೂರರ ಮೇಲೆ ಎಷ್ಟು ಹೊತ್ತಾದರೂ ಏನೂ ಬರಲಿಲ್ಲ. ಕಂಬಳಿ ಬಿಸಾಕಿ ಓಡಿದೆ.

ಮಾವ ಗಳು ಹಿಡಿದು ನಿಂತಿದ್ದರು. ಅವರ ಚಿಕ್ಕ ಮಗ ತೊಲೆಯ ನಡುವೆ, ಕಂಬದ ಮೇಲ್ಗಡೆ, ಕುಕ್ಕರಗಾಲಲ್ಲಿ ಕೂತಿದ್ದ. ತಲೆ ಮಂಡಿಗೆ ತಗುಲಿತ್ತು.

"ಇಳೀಲಾ" ಎಂದೆ, ಮೆಲ್ಲಗೆ, ಬೆಚ್ಚದ ಹಾಗೆ. ಅವನು ತಲೆಯೆತ್ತಿ ಅಪ್ಪನನ್ನು ನೋಡಿದ. ಮಾವ ತೊಲೆ ಅಲುಗದ ಹಾಗೆ ಗಳು ಬಿಗಿಹಿಡಿದರು. ಅವನು ಕಂಬ ತಬ್ಬಿಕೊಂಡು ಇಳಿದ. ನಾನು ಹತ್ತಿದೆ.

"ಆಳು ನಾಳೆ ಬತ್ತಾನೆ ಕಣ್ಲಾ" ಎಂದರು ಮಾವ. ಆಮೇಲೆ, "ಇದಕ್ಕೇನು ಕೇಳ್ತೀಯ?"

"ಏನೂ ಇಲ್ಲ."

"ಏನೂ ಇಲ್ದೆ ನಮ್ಮ ಪಾತಿಗೆ ನೀನು ತುಳೀತೀಯಾ? ಈಗ್ಲೇ ಬಾಯ್ಬಿಟ್ಟು ಹೇಳ್ಬಿಡು. ಆಮ್ಯಾಕೆ ಜಗಳ ಬ್ಯಾಡ."

"ಗಳು ಇಡ್ಕೊಳಿ ಮಾವ."

ಹುಡುಗ ಕಾಲುವೆಯ ಪಕ್ಕದ ಹುಲ್ಲಿನ ಹೊರೆಗೆ ಒರಗಿದ. ಎರಡನೇ ಬಾನಿ ಮೇಲೆ ಬರುವಷ್ಟರಲ್ಲಿ ಅವನಿಗೆ ನಿದ್ದೆ ಹತ್ತಿತ್ತು. ಮಾವ ಮಗುಚುತ್ತಾ ಮಗುಚುತ್ತಾ ನನ್ನ ಮುಖವನ್ನೇ ನೋಡುತ್ತಿದ್ದರು, ಬೆಲೆ ಯಾವಾಗ ಹೊರಗೆ ಬರುತ್ತದೆಂದು ಕಾಯುವವರ ಹಾಗೆ. ತೊಲೆ ಇಬ್ಬನಿಗೆ ಜಾರುತ್ತಿತ್ತು. ಬಾವಿಯ ಕಡೆ ನಡೆದಾಗ ಕೆಳಗೆ ನೀರು ಕಾಣಲಿಲ್ಲ, ಅದರ ತಣ್ಣನೆಯ ಉಸಿರು ಮಾತ್ರ ಅಂಗಾಲಿಗೆ ತಾಗಿತು. ಹಿಂದಿನ ರಾತ್ರಿ ನಾನು ಒಂದು ಗಳಿಗೆಯೂ ಮಲಗಿರಲಿಲ್ಲ. ಕಾಲ್ಬೆರಳುಗಳನ್ನು ಮರಕ್ಕೆ ಒತ್ತಿ ಹಿಡಿದು, ಊರಿಗೆ ಕೇಳುವಷ್ಟು ಗಟ್ಟಿಯಾಗಿ ಎಣಿಸಿದೆ.